ಅವಧಿ ಬರೆಯದ ಆತಿಥ್ಯ

ಧರ್ಮಾ ಜಲಾಶಯವನ್ನು ನೋಡುವ ಉದ್ದೇಶದಿಂದ ಮುಂಡಗೋಡ ತಾಲ್ಲೂಕಿನ ಮಳಗಿಗೆ ಹೋಗಿದ್ದ ನನ್ನ ಮನಸ್ಸಿನಲ್ಲಿ ಜಲರಾಶಿಗಿಂತಲೂ ಗಾಢವಾಗಿ ನಿಂತವಳು, ರಸ್ತೆಬದಿಯ ಚಹದಂಗಡಿಯಲ್ಲಿ ಮೊಮ್ಮಗುವನ್ನು ಮಡಿಲಲ್ಲಿರಿಸಿಕೊಂಡು ಕುಳಿತಿದ್ದ ನೇಪಾಳದ ಒಬ್ಬ ವೃದ್ಧೆ. ಅಡಿಕೆ ತೋಟದಲ್ಲಿ ದುಡಿಯುವ ಮಗನ ಮನೆಗೆ, ಸೊಸೆಯ ಬಾಣಂತನಕ್ಕೆಂದು, ಸುನೌಲಿಯ ಗಡಿಯನ್ನು ದಾಟಿ, ಗೋರಖಪುರದಲ್ಲಿ ರೈಲು ಹತ್ತಿ, ಹುಬ್ಬಳ್ಳಿಯ ಮಾರ್ಗವಾಗಿ ಬಂದಿದ್ದ ಆಕೆ, ಯುಗಾದಿಗೆ ಹಿಂದಿರುಗಬೇಕಾದವಳು, ಮುಂಗಾರು ಹಿಡಿದರೂ ಹೊರಟಿರಲಿಲ್ಲ. “ನಾವ ಬಿಟ್ಟಿಲ್ರೀ ಅಜ್ಜೀನ, ಕೂಸು ಅಂಬೆಗಾಲು ಇಡೂತನಕ ಇರ್ಲಿ ಅಂದೇವಿ” ಎಂದರು ಅಂಗಡಿಯ ಯಜಮಾನರು. ಪರದೇಶದ ವಾಸವನ್ನು ವಿಸ್ತರಿಸುವ ಸಕಲ ವಿಧಿಯೂ ಆ ಒಂದು ಮಾತಿನಲ್ಲೇ ಪೂರೈಸಿತ್ತು.

ನನ್ನ ಕುತೂಹಲವನ್ನು ಕಂಡು ಮಗನು ತಾಯಿಯ ಪತ್ರವನ್ನು ತೋರಿಸಿದನು. ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿಟ್ಟಿದ್ದ ನಾಗರಿಕತಾ ಪ್ರಮಾಣಪತ್ರ. ಮಾಸಿದ ಭಾವಚಿತ್ರ, ದೇವನಾಗರಿಯ ಬರವಣಿಗೆ, ಎರಡು ಹೆಬ್ಬೆರಳುಗಳ ಗುರುತು. ಭಾರತವನ್ನು ಪ್ರವೇಶಿಸಿದ ಮೊಹರಾಗಲಿ, ನಿರ್ಗಮಿಸಬೇಕಾದ ದಿನಾಂಕವಾಗಲಿ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಈ ಔದಾರ್ಯದ ಮೂಲವು 1950ರ ಜುಲೈ 31ರಂದು ಕಾಠ್ಮಂಡುವಿನಲ್ಲಿ ಸಹಿಯಾದ ಶಾಂತಿ ಮತ್ತು ಮೈತ್ರಿಯ ಒಪ್ಪಂದದಲ್ಲಿದೆ. ನೇಪಾಳದ ಪರವಾಗಿ ಪ್ರಧಾನಮಂತ್ರಿ ಮೋಹನ ಶಮಶೇರ ರಾಣಾ, ಭಾರತದ ಪರವಾಗಿ ರಾಯಭಾರಿ ಚಂದ್ರೇಶ್ವರ ಪ್ರಸಾದ ನಾರಾಯಣ ಸಿಂಹ ಅಂಕಿತ ಹಾಕಿದರು. ಪ್ರಧಾನಿಗೆ ಸರಿಸಮನಾಗಿ ರಾಯಭಾರಿಯನ್ನು ನಿಲ್ಲಿಸಿದ ನೋವು ನೇಪಾಳಿಗರಲ್ಲಿ ಇನ್ನೂ ಆರಿಲ್ಲ. ಪರಿಶೀಲನೆಗಾಗಿ 2016ರಲ್ಲಿ ರಚಿತವಾದ ಗಣ್ಯರ ಮಂಡಳಿ 2018ರಲ್ಲಿ ವರದಿಯನ್ನು ಸಿದ್ಧಪಡಿಸಿಯೂ ಆಯಿತು. ಇಷ್ಟಾದರೂ, ವಾಸ, ಆಸ್ತಿ, ವ್ಯಾಪಾರ, ಸಂಚಾರಗಳಲ್ಲಿ ಪರಸ್ಪರರ ಪ್ರಜೆಗಳಿಗೆ ಸಮಾನ ಸವಲತ್ತನ್ನು ವಿಧಿಸುವ ಅದರ ಏಳನೆಯ ವಿಧಿಯನ್ನು ನಾನು ನಮ್ಮ ಗಣರಾಜ್ಯದ ಅತ್ಯಂತ ಮಾನವೀಯ ಲೇಖನಗಳಲ್ಲಿ ಒಂದೆಂದೇ ಎಣಿಸುತ್ತೇನೆ. ಥಾಯ್ಲೆಂಡ್ 2024ರ ಜುಲೈ 15ರಿಂದ ಭಾರತೀಯರಿಗೆ 60 ದಿನಗಳ ವೀಸಾರಹಿತ ವಾಸವನ್ನು ಅನುಗ್ರಹಿಸಿದಾಗಲೂ, ಮಗಳ ಮನೆಯಲ್ಲಿ ಇನ್ನಷ್ಟು ದಿನ ಉಳಿಯಬಯಸುವ ತಾಯಿ ವಲಸೆ ಕಚೇರಿಗೆ ಹೋಗಿ, ನಮೂನೆ ತುಂಬಿ, 1,900 ಬಾತ್ ಶುಲ್ಕ ತೆತ್ತು, 30 ದಿನಗಳನ್ನು ಬೇಡಿ ಪಡೆಯಬೇಕಾಗಿತ್ತು.

ಆದರೆ ನಮ್ಮ ನಿಯಮದಲ್ಲಿಯೂ ಒಂದು ವೈಚಿತ್ರ್ಯವಿದ್ದು, ಅದು ನನ್ನನ್ನು ಬಹುವಾಗಿ ಸೆಳೆದಿದೆ. ನೇಪಾಳದ ಪ್ರಜೆ ತನ್ನ ನಾಡಿನಿಂದ ನೇರವಾಗಿ ಬಂದರೆ ಪಾಸ್‌ಪೋರ್ಟೂ ಬೇಡ, ವೀಸಾವೂ ಬೇಡ. ಅನ್ಯದೇಶದಿಂದ ಬಂದರೆ ಪಾಸ್‌ಪೋರ್ಟ್ ಬೇಕು. ಚೀನಾ, ಮಕಾವು, ಹಾಂಗ್‌ಕಾಂಗ್, ಪಾಕಿಸ್ತಾನಗಳಿಂದ ಬಂದರೆ ವಿನಾಯಿತಿಯೇ ಇಲ್ಲ. 2025ರ ಸೆಪ್ಟೆಂಬರ್ 1ರಂದು ಹೊಸ ವಲಸೆ ಕಾನೂನು ಜಾರಿಗೆ ಬಂದಾಗಲೂ ಈ ಭೇದ ಉಳಿಯಿತು. ಹಿಂದೆ ಬ್ರಿಟಿಷ್ ಗೂರ್ಖಾ ಪಡೆಗಳ ನೆಲೆಯಾಗಿದ್ದ ಹಾಂಗ್‌ಕಾಂಗಿನಲ್ಲಿ ಇಂದಿಗೂ ನೇಪಾಳಿ ಕುಟುಂಬಗಳಿವೆಯಷ್ಟೆ. ಅಲ್ಲಿ ದುಡಿಯುವ ಅಣ್ಣನೊಬ್ಬನು ಮಳಗಿಯ ತಮ್ಮನನ್ನು ನೋಡಲು ನೇರವಾಗಿ ವಿಮಾನವೇರಿ ಬಂದರೆ ವೀಸಾ ಬೇಕು. ಅವನೇ ಮೊದಲು ಊರಿಗೆ ಹೋಗಿ, ತಾಯಿಯ ಕೈಯ ಊಟ ಉಂಡು, ಸುನೌಲಿಯಲ್ಲಿ ಗಡಿ ದಾಟಿದರೆ ಏನೂ ಬೇಡ. ಮನುಷ್ಯನೂ ಅವನೇ, ಉದ್ದೇಶವೂ ಅದೇ, ಹಾದಿಯೊಂದೇ ಬೇರೆ.

ಇದಕ್ಕಿಂತ ಕಠಿನವಾದ ಪ್ರಕರಣ ಇದೇ ತಾಲ್ಲೂಕಿನಲ್ಲಿದೆ. 1966ರಲ್ಲಿ ಸುಮಾರು 4,000 ಎಕರೆಗಳಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟಿಯನ್ ಕಾಲೊನಿಯಲ್ಲಿ, ಗಾಂದೆನ್, ದ್ರೆಪುಂಗ್ ಮಠಗಳ ಆಸುಪಾಸಿನ ಕ್ಯಾಂಪುಗಳಲ್ಲಿ ಹುಟ್ಟಿ, ಮೆಕ್ಕೆಜೋಳದ ಹೊಲಗಳ ನಡುವೆ ಬೆಳೆದು, ಮುಂದೆ ಕೆನಡಾ ಅಥವಾ ಅಮೆರಿಕದ ಪೌರತ್ವವನ್ನು ಪಡೆದ ಮಗಳು, ತಾನು ಹುಟ್ಟಿದ ಮನೆಯಲ್ಲಿ ತಾಯಿಯೊಡನೆ ಇರಬೇಕಾದರೆ ವೀಸಾ ಮಾತ್ರ ಸಾಲದು. ಕೇಂದ್ರ ಗೃಹ ಸಚಿವಾಲಯದ ರಕ್ಷಿತ ಪ್ರದೇಶದ ಅನುಮತಿಯೂ ಬೇಕು, ಅದಕ್ಕೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ತಾಯಿಯ ಕಾಯಿಲೆಯಾದರೋ ಮುನ್ಸೂಚನೆ ಕೊಟ್ಟು ಬರುವುದಿಲ್ಲ.

ರಾಜ್ಯದ ಭದ್ರತೆಯನ್ನು ನಾನು ಲಘುವಾಗಿ ಕಾಣುವವನಲ್ಲ. ಆದರೆ ಮುಕ್ತ ಗಡಿಯೆಂದರೆ ಶೈಥಿಲ್ಯವೆಂದು ಹೇಳುವವರ ವಾದ ಮಳಗಿಯನ್ನು ನೋಡಿದ ಮೇಲೆ ನನಗೆ ಒಪ್ಪಿಗೆಯಾಗದು. ಅಲ್ಲಿ ಅಜ್ಜಿ ಎಲ್ಲಿರುವಳೆಂಬುದು ಇಡೀ ಊರಿಗೆ ಗೊತ್ತು. ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗಳೇ ವಿದೇಶೀಯರ ನೋಂದಣಾಧಿಕಾರಿಗಳಾಗಿರುವುದರಿಂದ, ತಂದೆತಾಯಿಗಳನ್ನು ನೋಡಬಂದವರಿಗೆ ಕಾಲೊನಿಯಲ್ಲಿ ತಂಗುವ ಅನುಮತಿಯನ್ನು ಕೊಡುವ, ಅಗತ್ಯವಿದ್ದಲ್ಲಿ ವಿಸ್ತರಿಸುವ ಅಧಿಕಾರವನ್ನು ಕಾರವಾರದಲ್ಲಿಯೇ ಅವರಿಗೆ ಒಪ್ಪಿಸುವುದು ದುಸ್ಸಾಧ್ಯವಲ್ಲ. ನೇಪಾಳದ ತಾಯಿಗೆ ಏಳು ದಶಕಗಳಿಂದ ತೋರಿದ ವಿಶ್ವಾಸದಲ್ಲಿ ಕಿಂಚಿತ್ತನ್ನಾದರೂ ಮುಂಡಗೋಡದಲ್ಲಿ ಹುಟ್ಟಿದ ಮಗಳಿಗೆ ತೋರುವುದು ನ್ಯಾಯ.