ಚಂದ್ರಂಪಳ್ಳಿಯ ಕಾಡು, ನಮ್ಮ ಮನೆಯ ಬೋಗುಣಿ

ನಾವು ತಿನ್ನುವ ತೊಗರಿ ಬೇಳೆ, ಹಳೆ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು, ಗೋಡೆಗೆ ಹಾಕಿದ ಸಿಮೆಂಟ್ ಎಲ್ಲಿಂದ ಬರುತ್ತವೆ ಎಂದು ಮಕ್ಕಳನ್ನು ಕೇಳಿದರೆ "ಅಂಗಡಿಯಿಂದ" ಎನ್ನುತ್ತಾರೆ. ತಪ್ಪೇನಲ್ಲ. ಆದರೆ ಅಂಗಡಿಯ ಹಿಂದೆ ಒಂದು ಊರು ಉಂಟು, ಅಲ್ಲಿ ಮಣ್ಣು, ನೀರು, ಕಾಡು ಉಂಟು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಂದರೆ ಸುಣ್ಣದ ಕಲ್ಲಿನ ಸೀಮೆ, ಸಿಮೆಂಟಿನ ಸೀಮೆ. ಆ ಜಿಲ್ಲೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ.

ಅದೇ ಜಿಲ್ಲೆಯ ಚಿಂಚೋಳಿ ತಾಲೂಕಿನಲ್ಲಿದೆ ಚಂದ್ರಂಪಳ್ಳಿ. ಗುಡ್ಡಗಳ ನಡುವೆ ಒಂದು ಅಣೆಕಟ್ಟೆ, ಸುತ್ತ ಕಾಡು. 2011ರಲ್ಲಿ ಸರಕಾರ ಇಲ್ಲಿನ ಸುಮಾರು 135 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿ ಧಾಮವೆಂದು ಘೋಷಿಸಿತು. ಇದು ಬಯಲುಸೀಮೆಯ ಒಣ ಕಾಡು. ನಮ್ಮ ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 4000 ಮಿಲಿಮೀಟರ್‌ನಷ್ಟು ಮಳೆ ಬಂದರೆ, ಕಲಬುರಗಿಯಲ್ಲಿ ಬರುವುದು ಸುಮಾರು 800. ಅಷ್ಟರಲ್ಲೇ ಕೊಂಡುಕುರಿ, ಕೃಷ್ಣಮೃಗ, ತೋಳ, ಕತ್ತೆಕಿರುಬ ಬದುಕಬೇಕು. ಕಾಡೊಳಗಿನ ತಾಂಡಾಗಳ ಜನ ಬದುಕಬೇಕು. ಅಣೆಕಟ್ಟೆಯ ಕೆಳಗಿನ ಹೊಲಗಳಿಗೂ ನೀರು ಸಿಗಬೇಕು.

ಇದನ್ನು ಮಕ್ಕಳಿಗೆ ಹೇಗೆ ತಿಳಿಸುವುದು? ಪರಿಸರ ದಿನದಂದು ಭಾಷಣ ಮಾಡಿದರೆ ಮಕ್ಕಳು ಕೈ ಕಟ್ಟಿ ಕೂತು ಕೇಳುತ್ತಾರೆ, ಮರುದಿನ ಮರೆಯುತ್ತಾರೆ. ಆಟ ಹಾಗಲ್ಲ. ಆಟದಲ್ಲಿ ಸೋತದ್ದನ್ನು ಯಾವ ಮಗುವೂ ಬೇಗ ಮರೆಯುವುದಿಲ್ಲ.

ಈ ದಾರಿಯಲ್ಲಿ ನಡೆದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಿನ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2018ರಲ್ಲಿ 'ವೈಲ್ಡ್ ಶಾಲೆ' ಎಂಬ ಕಾರ್ಯಕ್ರಮ ಆರಂಭಿಸಿತು. ಕಾಡಂಚಿನ ಹಳ್ಳಿಗಳ ಶಾಲೆಗಳಿಗೆ ಹೋಗಿ 10ರಿಂದ 13 ವರ್ಷದ ಮಕ್ಕಳಿಗೆ ಆಟ, ಕತೆ, ಚಿತ್ರಗಳ ಮೂಲಕ ಪಾಠ ಮಾಡುವುದು ಅದರ ಕ್ರಮ. ಹೊರದೇಶದಲ್ಲಿ ಡೆನ್ನಿಸ್ ಮೆಡೋಸ್ ಎಂಬ ವಿದ್ವಾಂಸರು 'ಫಿಶ್ ಬ್ಯಾಂಕ್ಸ್' ಎಂಬ ಮೀನುಗಾರಿಕೆಯ ಆಟ ಕಟ್ಟಿದರು. ಅದರಲ್ಲಿ ಎಲ್ಲರೂ ದೋಣಿಗಳ ಮಾಲಕರು. ನಾನು ಹೆಚ್ಚು ಹಿಡಿಯಬೇಕು, ನಾನು ಹೆಚ್ಚು ಹಿಡಿಯಬೇಕು ಎಂದು ಹೊರಟರೆ ಸಮುದ್ರವೇ ಬರಿದಾಗುತ್ತದೆ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳು ಯಾಕೆ ಕಡಲಿಗಿಳಿಯುವುದಿಲ್ಲ ಎಂದು ಗೊತ್ತಿರುವ ನಮ್ಮ ಕರಾವಳಿಯ ಮಕ್ಕಳಿಗೆ ಈ ಲೆಕ್ಕ ಹೊಸತಲ್ಲ.

ಅದೇ ಲೆಕ್ಕವನ್ನು ಚಂದ್ರಂಪಳ್ಳಿಗೆ ಹೊಂದಿಸಿ ನಾವು ಒಂದು ಆಟ ಕಟ್ಟಿದ್ದೇವೆ. ಪೇಟೆಯಿಂದ ಏನೂ ತರಬೇಕಾಗಿಲ್ಲ. ಚೆನ್ನೆಮಣೆಗೆ ಇಟ್ಟ ಮಂಜೊಟ್ಟಿ ಕಾಯಿಗಳು ಅಥವಾ ಹುಣಸೆ ಬೀಜ, ಒಂದು ಬೋಗುಣಿ, ಒಂದು ಗಾಜಿನ ಲೋಟ, ನಾಲ್ಕೈದು ಕಲ್ಲು, ನಾಲ್ಕು ಚೀಟಿ ಸಾಕು.

ಆಡುವುದು ಹೀಗೆ

ಬೋಗುಣಿಯಲ್ಲಿ 40 ಬೀಜ ಹಾಕಿ. ಅದು ಕಾಡು. ಹತ್ತಿರ ಒಂದು ಬೇರೆ ಗೂಡೆಯಲ್ಲಿ ಇನ್ನಷ್ಟು ಬೀಜ ಇರಲಿ. ನಾಲ್ವರು ಸುತ್ತ ಕೂರಬೇಕು. ಒಬ್ಬರು ತಾಂಡಾದ ದನಗಾಹಿ, ಅವರಿಗೆ ಮೇವು ಬೇಕು. ಇನ್ನೊಬ್ಬರು ತೊಗರಿ ರೈತ, ಹೊಲ ದೊಡ್ಡದು ಮಾಡಬೇಕು. ಮೂರನೆಯವರು ಹತ್ತಿರದ ಊರಿನವರು, ಸೌದೆ ಬೇಕು. ನಾಲ್ಕನೆಯವರು ದೂರದ ಪೇಟೆಯವರು, ಮರ ಬೇಕು. ಪ್ರತಿ ಸುತ್ತಿನಲ್ಲಿ ಒಬ್ಬೊಬ್ಬರು 1ರಿಂದ 5ರವರೆಗೆ ಎಷ್ಟು ಬೀಜ ಬೇಕಾದರೂ ತೆಗೆಯಬಹುದು. ಸುತ್ತು ಮುಗಿದ ಮೇಲೆ ಬೋಗುಣಿಯಲ್ಲಿ ಉಳಿದದ್ದರ ಅರ್ಧದಷ್ಟನ್ನು ಗೂಡೆಯಿಂದ ತಂದು ಸೇರಿಸಬೇಕು. ಕಾಡು ಬೆಳೆಯುವುದು ಉಳಿದದ್ದರಿಂದಲೇ ಅಲ್ಲವೇ? ಆದರೆ 40 ಮೀರಬಾರದು. ಹತ್ತು ಸುತ್ತು.

ಎಲ್ಲರೂ ಐದೈದು ತೆಗೆದರೆ ಏನಾಗುತ್ತದೆ ನೋಡಿ. ಉಳಿಯುವುದು 20, ಬೆಳೆದು 30. ಎರಡನೇ ಸುತ್ತಿಗೆ ಉಳಿಯುವುದು 10, ಬೆಳೆದು 15. ಮೂರನೇ ಸುತ್ತಿನಲ್ಲಿ ಮೂವರ ಕೈ ತುಂಬುವಷ್ಟರಲ್ಲಿ ಬೋಗುಣಿ ಖಾಲಿ, ನಾಲ್ಕನೆಯವರಿಗೆ ಒಂದೂ ಇಲ್ಲ. ಆಟ ಅಲ್ಲಿಗೆ ಮುಗಿಯಿತು. ಹೆಚ್ಚು ಸಿಕ್ಕವರಿಗೂ ಸಿಕ್ಕಿದ್ದು 15 ಮಾತ್ರ. ಮೂರು ಮೂರೇ ತೆಗೆದರೆ? 28 ಉಳಿಯುತ್ತದೆ, ಅರ್ಧ ಸೇರಿದರೆ ಮತ್ತೆ 40 ತುಂಬುತ್ತದೆ. ಹತ್ತು ಸುತ್ತಿಗೆ ಒಬ್ಬೊಬ್ಬರಿಗೂ 30, ಕಾಡು ಇದ್ದ ಹಾಗೇ ಇರುತ್ತದೆ. ಈ ಲೆಕ್ಕವನ್ನು ಮೊದಲೇ ಹೇಳಿಬಿಡಬೇಡಿ. ಮಕ್ಕಳೇ ಕಂಡುಕೊಳ್ಳಲಿ.

ಲೋಟ ಮತ್ತು ಚೀಟಿ

ಇನ್ನು ಲೋಟ. ಅದು ಚಂದ್ರಂಪಳ್ಳಿಯ ಅಣೆಕಟ್ಟೆ. ಅಂಚಿನವರೆಗೆ ನೀರು ತುಂಬಿಸಿ ಒಂದು ಬಟ್ಟಲಿನಲ್ಲಿಡಿ. ಎಲ್ಲರೂ ತೆಗೆದ ಮೇಲೆ ಬೋಗುಣಿಯಲ್ಲಿ 20ಕ್ಕಿಂತ ಕಡಿಮೆ ಬೀಜ ಉಳಿದರೆ ಲೋಟಕ್ಕೆ ಒಂದು ಕಲ್ಲು ಹಾಕಬೇಕು. ಗಿಡ, ಹುಲ್ಲು ಇಲ್ಲದ ಗುಡ್ಡದ ಮಣ್ಣು ಮಳೆಗೆ ಕೊಚ್ಚಿ ಬಂದು ಅಣೆಕಟ್ಟೆಯಲ್ಲಿ ಹೂಳಾಗಿ ಕೂರುವುದು ಹೀಗೆಯೇ. ನೀರು ಹೊರಗೆ ಚೆಲ್ಲುತ್ತದೆ, ಆದರೆ ಲೋಟ ನೋಡಲು ತುಂಬಿಯೇ ಇರುತ್ತದೆ. ಹೂಳು ತುಂಬಿದ ಕೆರೆಯೂ ಮಳೆಗಾಲದಲ್ಲಿ ತುಂಬಿದಂತೆ ಕಾಣುತ್ತದೆ, ಬೇಸಿಗೆಗೆ ಮುಂಚೆ ಬತ್ತುತ್ತದೆ. ಯಾಕೆ ಎಂದು ಮಕ್ಕಳಿಗೆ ಕಣ್ಣಾರೆ ಗೊತ್ತಾಗುತ್ತದೆ.

ಚೀಟಿಗಳಲ್ಲಿ ಕೊಂಡುಕುರಿ, ಕೃಷ್ಣಮೃಗ, ತೋಳ, ಕತ್ತೆಕಿರುಬ ಎಂದು ಬರೆಯಿರಿ. ಕಲ್ಲು ಬಿದ್ದಾಗಲೆಲ್ಲ ಒಂದು ಚೀಟಿ ಮಗುಚಬೇಕು. ಈ ಪ್ರಾಣಿಗಳ ಪರವಾಗಿ ಆಡಲು ಯಾರೂ ಇಲ್ಲ. ಅವಕ್ಕೆ ಸರದಿಯೂ ಇಲ್ಲ. ನಾವು ಬಿಟ್ಟದ್ದೇ ಅವುಗಳ ಪಾಲು.

ಆಟ ಎರಡು ಸಲ ಆಡಿ. ಮೊದಲ ಸಲ ಯಾರೂ ಮಾತಾಡಬಾರದು. ಎರಡನೇ ಸಲ ಪ್ರತಿ ಸುತ್ತಿಗೆ ಮುಂಚೆ ಮಾತಾಡಿ ಒಪ್ಪಂದ ಮಾಡಬಹುದು. ಹಾಗೆಯೇ ಪಾತ್ರಗಳನ್ನೂ ಬದಲಿಸಿ. ಒಂದು ವಿಷಯ ಮಾತ್ರ ದೊಡ್ಡವರು ನೋಡಿಕೊಳ್ಳಬೇಕು: "ದನಗಾಹಿಯಿಂದಲೇ ಕಾಡು ಹಾಳಾಯಿತು" ಎಂಬ ಮಾತಿನಲ್ಲಿ ಆಟ ಮುಗಿಯಬಾರದು. ಕಾಡಿಗೆ ನಿರ್ಬಂಧ ಬಂದಾಗ ಮೊದಲು ಕಷ್ಟಕ್ಕೆ ಬೀಳುವವರು ಅಲ್ಲೇ ಇರುವ ಬಡವರು. ದೂರದ ಪೇಟೆಯವರ ಕೈ ಯಾರಿಗೂ ಕಾಣುವುದಿಲ್ಲ. ಆ ನಾಲ್ಕನೆಯ ಜಾಗ ನಮ್ಮದೇ. ಯಾರಿಗೆ ಎಷ್ಟು ಬೇಕೇ ಬೇಕು, ಯಾರು ಕಡಿಮೆಯಲ್ಲೂ ಬದುಕಬಹುದು ಎಂದು ಮಕ್ಕಳು ಜಗಳ ಮಾಡಿದರೆ ಮಾಡಲಿ. ಆ ಜಗಳವೇ ಪಾಠ.

ಈ ರಜೆಯಲ್ಲಿ ಒಂದು ಸಂಜೆ ಮೊಬೈಲ್ ಬದಿಗಿಟ್ಟು ಉಮ್ಮ, ಉಪ್ಪ, ಮಕ್ಕಳು ಒಟ್ಟಿಗೆ ಕೂತು ಆಡಿ ನೋಡಿ. ಕೊನೆಗೆ ಒಂದು ಪ್ರಶ್ನೆ ಕೇಳಿ: ನಮ್ಮ ಊರಿನಲ್ಲಿ ಈ ಬೋಗುಣಿ ಯಾವುದು? ಬಾವಿಯೋ, ತೋಡೋ, ಹೊಳೆಯ ಮರಳೋ? ಅದರಲ್ಲಿ ಈಗ ಎಷ್ಟು ಉಳಿದಿದೆ, ನಾವು ಎಷ್ಟು ತೆಗೆಯುತ್ತಿದ್ದೇವೆ? ಉತ್ತರವನ್ನು ಮಕ್ಕಳ ಬಾಯಿಂದಲೇ ಕೇಳೋಣ.