ಮೇಜಿನ ಮೇಲೊಂದು ಖಾನಾಪುರ ಸ್ಟೇಷನ್

ಬೆಳಗಾವಿ ಬಿಟ್ಟ ಲೋಂಡಾ ರೈಲು ಖಾನಾಪುರದ ಹೊರಗೆ ನಿಂತರೆ ಮಕ್ಕಳ ಪ್ರಶ್ನೆ ಒಂದೇ: 'ಯಾಕೆ ನಿಂತಿತು?' ಸಿಗ್ನಲ್ ಕೆಂಪು. ಮುಂದಿನ ಹಳಿ ಖಾಲಿಯಿಲ್ಲ.

ಮನೆಯ ಆಟಿಕೆ ರೈಲಿಗೂ ಇಂಥ ಸಿಗ್ನಲ್ ಕೂರಿಸಬಹುದು. ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶವೇ ಕಂಪ್ಯೂಟರಿನೊಳಗಿನ ಸ್ಟೇಷನ್ ಮಾಸ್ತರು. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಅಂಗೈಯಗಲದ ಬೋರ್ಡು ಅವರ ಕೈಯಾಳು. ಹಳಿಯ ಸೆನ್ಸರಿನ ಸುದ್ದಿಯನ್ನು ಯುಎಸ್‌ಬಿ ತಂತಿಯಲ್ಲಿ ಮುಟ್ಟಿಸುತ್ತದೆ, ಅಪ್ಪಣೆಯಾದ ಎಲ್‌ಇಡಿ ಬೆಳಗಿಸುತ್ತದೆ. ಪ್ರತಿ ಎಲ್‌ಇಡಿಗೂ 220 ಓಮ್ ರೆಸಿಸ್ಟರ್ ಬೇಕು. (ಮರೆತು ನಾನೊಂದು ಹಸಿರನ್ನು ಸುಟ್ಟಿದ್ದೇನೆ!)

ನಡುವೆ ಕಂಪ್ಯೂಟರ್ ಸ್ತಬ್ಧವಾದರೆ? ಹಸಿರು ಹಸಿರಾಗಿಯೇ ಉಳಿದು ರೈಲುಗಳು ಡಿಕ್ಕಿ. ಅದಕ್ಕೇ ಆರ್ಡುಯಿನೊ ಪ್ರೋಗ್ರಾಮಿನಲ್ಲಿ ಬರೆದಿಡಿ: ಎರಡು ಸೆಕೆಂಡು ಸುದ್ದಿಯಿಲ್ಲದಿದ್ದರೆ ಎಲ್ಲವೂ ಕೆಂಪು. ಬೋರ್ಡಿಗೆ ಬೇರೆ ಅಡಾಪ್ಟರ್ ಕೊಟ್ಟು, ರೈಲು ಓಡುವಾಗಲೇ ಯುಎಸ್‌ಬಿ ತಂತಿ ಕಿತ್ತು ನೋಡಿ.