ಎಸ್‌ಎನ್‌ಎಫ್ ಇಳಿದಾಗ ಮೊದಲು ಯಾವ ಪರೀಕ್ಷೆ?



ರೋಣ, ನರಗುಂದ, ಗಜೇಂದ್ರಗಡ ಭಾಗದ ಸಂಘಗಳಿಗೆ ಹೋದಾಗ ನಾನು ಹೆಚ್ಚಾಗಿ ಕೇಳುವ ಮಾತು, "ನೀರು ಹಾಕಿಲ್ರೀ, ಆದ್ರೂ ಎಸ್‌ಎನ್‌ಎಫ್ ಕಡಿಮಿ ಬಂದೈತಿ." ಚೀಟಿಯಲ್ಲಿ 8.5 ಇದ್ದದ್ದು 8.0ಕ್ಕೆ ಬಂದರೆ ದರ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ನೋಯಿಸುವುದು ನೀರು ಬೆರೆಸಿದ ಅನುಮಾನ. ಸಂಘದ ಯಂತ್ರ ಜಿಡ್ಡು ಬಿಟ್ಟು ಉಳಿದ ಘನಾಂಶ ಎಷ್ಟಿದೆ ಎಂದು ಹೇಳುತ್ತದೆ. ಏಕೆ ಇಳಿಯಿತು ಎಂದು ಹೇಳುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಲ್ಯಾಕ್ಟೋಮೀಟರ್ ಅಳೆಯುವುದು ಹಾಲಿನ ಸಾಂದ್ರತೆಯನ್ನು ಮಾತ್ರ. 27 ಡಿಗ್ರಿ ಉಷ್ಣಾಂಶಕ್ಕೆ ತಯಾರಾದ ಲ್ಯಾಕ್ಟೋಮೀಟರ್ ಆದರೆ, ಅದಕ್ಕಿಂತ ಹೆಚ್ಚಿನ ಪ್ರತಿ ಡಿಗ್ರಿಗೆ 0.2 ಕೂಡಿಸಬೇಕು. 32 ಡಿಗ್ರಿಯ ಹಾಲಿನಲ್ಲಿ 26 ತೋರಿಸಿದರೆ ನಿಜವಾದ ಅಂಕಿ 27. ಈ ಒಂದು ಅಂಕಿ ಎಂದರೆ ಎಸ್‌ಎನ್‌ಎಫ್‌ನಲ್ಲಿ ಸುಮಾರು 0.25. ಆಗಷ್ಟೇ ಕರೆದ, ನೊರೆ ಇರುವ ಹಾಲಿನಲ್ಲೂ ಅಂಕಿ ಕಡಿಮೆ ಬರುತ್ತದೆ. ಜಿಡ್ಡಿನ ಬಗ್ಗೆ ಅನುಮಾನವಿದ್ದರೆ ಗರ್ಬರ್ ಪರೀಕ್ಷೆ ಕೇಳಿ. ಆದರೆ ಅದು ಜಿಡ್ಡನ್ನಷ್ಟೇ ಹೇಳುತ್ತದೆ.

ಇವೆಲ್ಲ ಸರಿ ಇದ್ದೂ ಎಸ್‌ಎನ್‌ಎಫ್ ಮೇಲೇಳದಿದ್ದರೆ ಕೆಚ್ಚಲು ನೋಡಿ. ಗುಪ್ತ ಕೆಚ್ಚಲುಬಾವಿನಲ್ಲಿ ಬಾವು ಕಾಣುವುದಿಲ್ಲ, ಹಾಲೂ ಕೆಟ್ಟಂತೆ ಕಾಣುವುದಿಲ್ಲ. ಒಳಗೆ ಹಾಲಿನ ಸಕ್ಕರೆ ಕಡಿಮೆಯಾಗಿ ಉಪ್ಪಿನಂಶ ಹೆಚ್ಚುತ್ತದೆ, ಎಸ್‌ಎನ್‌ಎಫ್ ಕುಸಿಯುತ್ತದೆ. ಇದನ್ನು ಹಿಡಿಯಲು ದುಬಾರಿ ಯಂತ್ರ ಬೇಡ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿ. ನಾಲ್ಕು ಬಟ್ಟಲು ಇಟ್ಟುಕೊಂಡು, ಪ್ರತಿ ಮೊಲೆಯ ಮೊದಲ ಎರಡು ಧಾರೆ ಬಿಟ್ಟು, ಒಂದೊಂದು ಬಟ್ಟಲಿಗೆ ಒಂದೊಂದು ಮೊಲೆಯ ಹಾಲು ಹಿಂಡಿ. ಅಷ್ಟೇ ಪ್ರಮಾಣದ ದ್ರಾವಣ ಹಾಕಿ ಒಂದು ನಿಮಿಷ ಅಲ್ಲಾಡಿಸಿ. ಬಾವಿರುವ ಭಾಗದ ಹಾಲಿನಲ್ಲಿ ಬಿಳಿ ರಕ್ತಕಣಗಳು ಹೆಚ್ಚಿರುತ್ತವೆ. ಸೋಪು ಅವನ್ನು ಒಡೆದಾಗ ಹಾಲು ಲೋಳೆಯಾಗುತ್ತದೆ. 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದ ಸಿಎಂಟಿ ಪರೀಕ್ಷೆಯ ತತ್ವವೂ ಇದೇ. ನಾವು ವೈದ್ಯರು ಈಗಲೂ ಅದನ್ನೇ ಬಳಸುತ್ತೇವೆ.

ಲೋಳೆಯಾದ ಮೊಲೆಯ ಹಾಲನ್ನು ಕ್ಯಾನಿಗೆ ಸೇರಿಸಬೇಡಿ, ನಮಗೆ ತಿಳಿಸಿ. ಯಾವ ರೋಗಾಣು, ಯಾವ ಔಷಧಿ ಎಂಬುದಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಕಾಗಬಹುದು. ಅಂಗಡಿಯಿಂದ ತಂದ ಟ್ಯೂಬ್ ಮೊಲೆಗೆ ಏರಿಸಬೇಡಿ. ನಾಲ್ಕೂ ಬಟ್ಟಲು ತೆಳ್ಳಗಿದ್ದರೆ ತಪ್ಪು ಬಹುಶಃ ಮೇವಿನದು. ಬರೀ ಜೋಳದ ಕಣಿಕಿ ತಿನ್ನುವ ಆಕಳಿಗೆ ಹಸಿಮೇವು, ಪಶು ಆಹಾರ, ಖನಿಜ ಮಿಶ್ರಣ ಕೊಟ್ಟು ಎರಡು ವಾರ ಚೀಟಿ ಗಮನಿಸಿ.

ಕರು ಹಾಕಿದ ಮೊದಲ ವಾರದಲ್ಲಿ ಮತ್ತು ಹಾಲು ಬತ್ತುವ ಹೊತ್ತಿನಲ್ಲಿ ಸೋಪಿನ ಪರೀಕ್ಷೆ ಮಾಡಬೇಡಿ. ಆಗ ಆರೋಗ್ಯವಂತ ಕೆಚ್ಚಲಿನ ಹಾಲೂ ಲೋಳೆಯಾಗಬಹುದು.